ನಿಮಗಿದು ಗೊತ್ತೇ? ಕರೆ ಬಂತು, ಹೊರಟರು, ಗೋಲು ಹೊಡೆದರು!

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಓದುಗರೇ, ಈ ಸಲ ಫುಟ್‌ಬಾಲ್! ನಮ್ಮ ಕಡೆ ಕುಸ್ತಿ ಗೊತ್ತು, ಕಬಡ್ಡಿ ಗೊತ್ತು, ಸೈಕಲ್ ಓಟ ಗೊತ್ತು. ಆದರೆ ದೇಶ ದೇಶಗಳ ಹೆಣ್ಣುಮಕ್ಕಳನ್ನು ಕರೆಸಿ ಆಡಿಸುವ ಫುಟ್‌ಬಾಲ್ ಟೂರ್ನಿಗಳ ಕಥೆ? ಇಲ್ಲಿ ಅರ್ಹತಾ ಸುತ್ತಿನ ಗೋಜಿಲ್ಲ. ಆಮಂತ್ರಣ ಬಂತೋ, ತಂಡ ವಿಮಾನ ಹತ್ತಿತು. ಒಳಗೆ ಎಂತೆಂಥ ಸೋಜಿಗ ಅಡಗಿದೆ ನೋಡ್ರಿ!

ಮೊದಲು ಬ್ರೆಜಿಲ್‌ಗೆ ಹೋಗೋಣ. 2021ರ ನವೆಂಬರ್. ಅಮೆಜಾನ್ ಕಾಡಿನ ನಡುವೆ ಮನೌಸ್ ಎಂಬ ನಗರ. ಅಲ್ಲಿ ಬ್ರೆಜಿಲ್ ನಾಲ್ಕು ದೇಶಗಳ ಮಹಿಳಾ ಟೂರ್ನಿ ಇಟ್ಟುಕೊಂಡಿತ್ತು. ಕರೆದದ್ದು ಯಾರನ್ನು? ಚಿಲಿಯನ್ನು, ವೆನೆಜುವೆಲಾವನ್ನು, ಮತ್ತೆ ಭಾರತವನ್ನು! ಹೌದು, ನಮ್ಮ ಹುಡುಗಿಯರನ್ನೇ!

ಭಾರತದ ಹಿರಿಯರ ತಂಡವೊಂದು ಬ್ರೆಜಿಲ್ ಎದುರು ಕಣಕ್ಕಿಳಿದದ್ದು ಅದೇ ಮೊದಲು. ಗಂಡಸರ ತಂಡಕ್ಕೆ ಸಿಗದ ಭಾಗ್ಯ ಹೆಣ್ಣುಮಕ್ಕಳಿಗೆ ಸಿಕ್ಕಿತು!

ಪಂದ್ಯ ಶುರುವಾಗಿ ಒಂದೇ ನಿಮಿಷಕ್ಕೆ ಬ್ರೆಜಿಲ್ ಗೋಲು ಹೊಡೆಯಿತು. ಇನ್ನು ಮುಗಿಯಿತು ಎಂದುಕೊಂಡಿರಾ? ತಡೆಯಿರಿ. ಎಂಟನೇ ನಿಮಿಷ. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮನೀಷಾ ಕಲ್ಯಾಣ್ ಚೆಂಡು ಹಿಡಿದು ಮುನ್ನುಗ್ಗಿದರು. ಒಂದೇ ಒದೆತ. ಚೆಂಡು ಬಲೆಯೊಳಗೆ! ಬ್ರೆಜಿಲ್ 1, ಭಾರತ 1. ಬ್ರೆಜಿಲ್ ನೆಲದಲ್ಲಿ, ಬ್ರೆಜಿಲ್ ವಿರುದ್ಧ, ಸಮಬಲ!

ಆ ಗೋಲು ಹೊಡೆದಾಗ ಮನೀಷಾಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹುಟ್ಟುಹಬ್ಬಕ್ಕೆ ಎರಡೇ ದಿನ ಬಾಕಿ! ಅಲ್ಲಿ ನವೆಂಬರ್ 25ರ ರಾತ್ರಿ, ನಮ್ಮಲ್ಲಿ 26ರ ಬೆಳಗು. ನಾವು ಚಹಾ ಕುಡಿಯುವ ಹೊತ್ತಿಗೆ ಅಲ್ಲಿ ಇತಿಹಾಸ ಆಗಿಹೋಗಿತ್ತು.

ಕೊನೆಗೆ ಪಂದ್ಯ 6–1ರಲ್ಲಿ ಬ್ರೆಜಿಲ್ ಪಾಲಾಯಿತು. ಆಗಲಿ ಬಿಡಿ. ಆ ಒಂದು ಗೋಲಿನ ತೂಕವೇ ಬೇರೆ!

ಅದೇ ಪಂದ್ಯದಲ್ಲಿ ಇನ್ನೊಂದು ಅಚ್ಚರಿ ನಡೆಯಿತು. ಬ್ರೆಜಿಲ್‌ನ ಫಾರ್ಮಿಗಾ ಅಂದು ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. ಯಾರೀಕೆ? ಏಳು ವಿಶ್ವಕಪ್ ಆಡಿದವರು! 1995ರಿಂದ 2019ರವರೆಗೆ ಒಂದನ್ನೂ ತಪ್ಪಿಸಲಿಲ್ಲ. ಜೊತೆಗೆ ಏಳು ಒಲಿಂಪಿಕ್ಸ್! ಇಷ್ಟು ವಿಶ್ವಕಪ್ ಆಡಿದ ಗಂಡಸು ಕೂಡ ಜಗತ್ತಿನಲ್ಲಿಲ್ಲ. ಆಕೆಯ ಕೊನೆಯ ಪಂದ್ಯದ ಎದುರಾಳಿ ನಮ್ಮ ಭಾರತ!

ಲೆಕ್ಕ ಹಾಕಿ ನೋಡಿ. ಫಾರ್ಮಿಗಾ ಮೊದಲ ವಿಶ್ವಕಪ್ ಆಡಿದಾಗ ಮನೀಷಾ ಹುಟ್ಟಿಯೇ ಇರಲಿಲ್ಲ. ಹುಟ್ಟಲು ಇನ್ನೂ ಆರು ವರ್ಷ ಬೇಕಿತ್ತು. ಇಬ್ಬರೂ ಒಂದೇ ಪಂದ್ಯದಲ್ಲಿ!

ಇನ್ನೂ ದೊಡ್ಡ ಸೋಜಿಗ ಬೇಕೇ? ಫಾರ್ಮಿಗಾ ಹುಟ್ಟಿದ್ದು 1978ರಲ್ಲಿ. ಆಗ ಬ್ರೆಜಿಲ್‌ನಲ್ಲಿ ಹೆಂಗಸರು ಫುಟ್‌ಬಾಲ್ ಆಡುವುದಕ್ಕೆ ನಿಷೇಧವಿತ್ತು! 1941ರಲ್ಲಿ ಬಂದ ಆ ನಿಷೇಧ ಹೋದದ್ದು 1979ರಲ್ಲಿ. ಪೆಲೆಯ ನಾಡಿನಲ್ಲಿ, ಊರೂರ ಗಲ್ಲಿಯಲ್ಲಿ ಗಂಡುಮಕ್ಕಳು ಚೆಂಡು ಒದೆಯುತ್ತಿದ್ದ ದೇಶದಲ್ಲಿ, ಹೆಣ್ಣುಮಕ್ಕಳಿಗೆ 38 ವರ್ಷ ಬಾಗಿಲು ಬಂದ್!

ಮನೌಸ್‌ನಿಂದ ಬಂದ ಮನೀಷಾ ಮರುವರ್ಷವೇ ಸೈಪ್ರಸ್‌ನ ಅಪೊಲನ್ ಕ್ಲಬ್ ಸೇರಿದರು. ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್ ಆಡಿದ ಮೊದಲ ಭಾರತೀಯೆ ಎನಿಸಿಕೊಂಡರು. ಆಮೇಲೆ ಗ್ರೀಸ್‌ನ ಪಾಓಕ್ ಕ್ಲಬ್ಬಿಗೂ ಹೋದರು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಮಹಿಳಾ ವಿಶ್ವಕಪ್ ಹುಟ್ಟಿದ್ದೇ ಇಂಥ ಒಂದು ಆಮಂತ್ರಣದ ಟೂರ್ನಿಯಿಂದ, ಗೊತ್ತೇ?

1986, ಮೆಕ್ಸಿಕೊ. ಫಿಫಾದ ಮಹಾಸಭೆ. ತುಂಬ ಗಂಡಸರೇ. ನಾರ್ವೆಯ ಎಲೆನ್ ವಿಲೆ ಎಂಬ ಹೆಣ್ಣುಮಗಳು ವೇದಿಕೆ ಏರಿದರು. ಹೆಂಗಸರಿಗೂ ವಿಶ್ವಕಪ್ ಬೇಕು, ಒಲಿಂಪಿಕ್ಸ್‌ನಲ್ಲೂ ಜಾಗ ಬೇಕು ಎಂದು ನೇರವಾಗಿ ಕೇಳಿದರು. ಫಿಫಾ ಮಹಾಸಭೆಯಲ್ಲಿ ಮಾತಾಡಿದ ಮೊಟ್ಟಮೊದಲ ಮಹಿಳೆ ಈಕೆ!

ಫಿಫಾ ಏನು ಮಾಡಿತು? ಮೊದಲು ಒಂದು ಪರೀಕ್ಷೆ ನೋಡೋಣ ಎಂದಿತು. 1988ರ ಜೂನ್‌ನಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯಕ್ಕೆ 12 ತಂಡಗಳನ್ನು ಕರೆಸಿತು. ಜನ ಬಂದಾರೇ? ಚೀನಾ-ಕೆನಡಾ ಆರಂಭದ ಪಂದ್ಯಕ್ಕೇ 45 ಸಾವಿರ ಜನ!

ಆ ಟೂರ್ನಿಯ ಗುಂಪು ಹಂತದಲ್ಲಿ ಬ್ರೆಜಿಲ್ ನಾರ್ವೆಯನ್ನು ಸೋಲಿಸಿತು. ಅದೇ ಬ್ರೆಜಿಲನ್ನು ಆಸ್ಟ್ರೇಲಿಯಾ ಮಣಿಸಿತು. ಮುಂದೆ ಸೆಮಿಫೈನಲ್‌ನಲ್ಲಿ ನಾರ್ವೆ, ಬ್ರೆಜಿಲ್ ಮತ್ತೆ ಎದುರಾದವು. ಈ ಸಲ ಗೆದ್ದದ್ದು ನಾರ್ವೆ! ಫೈನಲ್‌ನಲ್ಲಿ ಸ್ವೀಡನ್ ಎದುರು ಲಿಂಡಾ ಮೆಡಾಲೆನ್ ಹೊಡೆದ ಒಂದೇ ಗೋಲಿಗೆ ಕಪ್ ನಾರ್ವೆಗೆ. ಮಹಾಸಭೆಯಲ್ಲಿ ಕೇಳಿದವರೂ ನಾರ್ವೆಯವರು, ಪರೀಕ್ಷೆಯಲ್ಲಿ ಗೆದ್ದವರೂ ನಾರ್ವೆಯವರು!

ಫೈನಲ್ ಮುಗಿದದ್ದು ಜೂನ್ 12ಕ್ಕೆ. ವಿಶ್ವಕಪ್‌ಗೆ ಫಿಫಾ ಒಪ್ಪಿಗೆ ಕೊಟ್ಟದ್ದು ಜೂನ್ 30ಕ್ಕೆ. ಬರೀ 18 ದಿನ! ವರ್ಷಗಟ್ಟಲೆ ಮುಂದಕ್ಕೆ ಹಾಕಿದ ಮಾತು ಮೂರು ವಾರದೊಳಗೆ ತೀರ್ಮಾನ!

ಆ 1988ರ ಆಸ್ಟ್ರೇಲಿಯಾ ತಂಡದಲ್ಲಿ ಮೋಯಾ ಡಾಡ್ ಎಂಬ ಆಟಗಾರ್ತಿ ಇದ್ದರು. ಮುಂದೆ ವಕೀಲೆಯಾದರು. 2013ರಲ್ಲಿ ಫಿಫಾದ ಕಾರ್ಯಕಾರಿ ಸಮಿತಿಗೇ ಹೋಗಿ ಕೂತರು. ಆಮಂತ್ರಣದ ಮೇಲೆ ಆಡಲು ಹೋದವರು ಆಮಂತ್ರಣ ಕೊಡುವವರ ಸಾಲಿಗೆ!

1991ರಲ್ಲಿ ಅದೇ ಚೀನಾದಲ್ಲಿ ಮೊದಲ ವಿಶ್ವಕಪ್ ನಡೆಯಿತು. ಆದರೆ ಫಿಫಾ ಅದನ್ನು ವಿಶ್ವಕಪ್ ಎಂದು ಕರೆಯಲೇ ಇಲ್ಲ! ಚಾಕೊಲೇಟ್ ಮಿಠಾಯಿ ಕಂಪನಿಯೊಂದರ ಹೆಸರು ಹಚ್ಚಿ, ಎಂ ಆಂಡ್ ಎಂಸ್ ಕಪ್ ಎಂದಿತು. ವಿಶ್ವಕಪ್ ಎಂಬ ಪಟ್ಟ ಆಮೇಲೆ ಸಿಕ್ಕಿದ್ದು.

ಅಲ್ಲಿ ಪಂದ್ಯ ಎಷ್ಟು ಹೊತ್ತಿನದು ಗೊತ್ತೇ? 90 ನಿಮಿಷ ಅಲ್ಲ, 80 ನಿಮಿಷ! ಹೆಂಗಸರಿಗೆ ಹತ್ತು ನಿಮಿಷ ಕಡಿತ. ಇದು ನನಗೆ ಇವತ್ತಿಗೂ ಸರಿ ಅನಿಸಿಲ್ಲ. ಅಮೆರಿಕದ ಮಿಷೆಲ್ ಏಕರ್ಸ್ ಆ ಕಡಿಮೆ ಹೊತ್ತಿನಲ್ಲೇ ಹತ್ತು ಗೋಲು ಹೊಡೆದು ಉತ್ತರ ಕೊಟ್ಟರು!

ಗಂಡಸರು ಆಡುವ ಮೈದಾನವೇ ಹೆಂಗಸರಿಗೂ. ಉದ್ದ 105 ಮೀಟರ್, ಅಗಲ 68 ಮೀಟರ್. ಮುಧೋಳದ ಕಬ್ಬಿನ ಬೆಳೆಗಾರರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಒಂದು ಎಕರೆ ಮೂವತ್ತು ಗುಂಟೆ ಹೊಲ! ಅಷ್ಟಗಲದಲ್ಲಿ ಈಗ ಅವರಿಗೂ ಒಂದೂವರೆ ತಾಸು ಓಡಾಟ!

ಈಗ ರಬಕವಿ-ಬನಹಟ್ಟಿಯವರು ಕಿವಿಗೊಡಿ. ಹೆಂಗಸರ ಫುಟ್‌ಬಾಲಿನ ಅತಿ ಪ್ರಸಿದ್ಧ ಹಳೆಯ ತಂಡ ಬಂದದ್ದೂ ನೂಲು-ಮಗ್ಗಗಳ ಊರಿನಿಂದಲೇ! ಇಂಗ್ಲೆಂಡಿನ ಪ್ರೆಸ್ಟನ್. ನೂಲುವ ಯಂತ್ರದಿಂದ ಹೆಸರಾದ ಆರ್ಕ್‌ರೈಟ್ ಹುಟ್ಟಿದ ಊರು. ಅಲ್ಲಿನ ಡಿಕ್, ಕೆರ್ ಕಾರ್ಖಾನೆಯಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ ಹೆಂಗಸರು ಮದ್ದುಗುಂಡು ತಯಾರಿಸುತ್ತಿದ್ದರು. ಬಿಡುವಿನಲ್ಲಿ ಚೆಂಡು ಒದೆಯುತ್ತಿದ್ದರು. 1917ರ ಕ್ರಿಸ್‌ಮಸ್ ದಿನ ದೊಡ್ಡ ಮೈದಾನಕ್ಕೆ ಇಳಿದೇಬಿಟ್ಟರು! ಬಂದ ಹಣ ಗಾಯಗೊಂಡ ಸೈನಿಕರ ಆರೈಕೆಗೆ.

1920ರಲ್ಲಿ ಈ ಕಾರ್ಮಿಕ ಹೆಣ್ಣುಮಕ್ಕಳು ಫ್ರಾನ್ಸ್‌ನ ತಂಡವನ್ನು ಆಡಲು ಕರೆದರು. ಆ ತಂಡವನ್ನು ಕರೆತಂದವರು ಅಲಿಸ್ ಮಿಲಿಯಾ ಎಂಬ ಗಟ್ಟಿಗಿತ್ತಿ. ಪ್ರೆಸ್ಟನ್‌ನ ಮೊದಲ ಪಂದ್ಯಕ್ಕೆ 25 ಸಾವಿರ ಜನ! ನೂರು ವರ್ಷದ ಹಿಂದೆಯೇ ದೇಶದಾಚೆಗೆ ಆಮಂತ್ರಣ ಹೋಗಿತ್ತು ನೋಡಿ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ರಾತ್ರಿ ಪಂದ್ಯ ಆಡಿದರು! ಬೆಳಕು ಎಲ್ಲಿಂದ? ಯುದ್ಧದಲ್ಲಿ ವಿಮಾನ ಹುಡುಕಲು ಬಳಸುವ ಎರಡು ದೊಡ್ಡ ಸರ್ಚ್‌ಲೈಟ್ ತರಿಸಿದರು. ಅನುಮತಿ ಕೊಟ್ಟದ್ದು ಆಗಿನ ಯುದ್ಧ ಮಂತ್ರಿ ವಿನ್‌ಸ್ಟನ್ ಚರ್ಚಿಲ್! ಚೆಂಡು ಕಾಣಬೇಕಲ್ಲ, ಅದಕ್ಕೆ ಸುಣ್ಣ ಬಳಿದರು!

ಮರುವಾರ, ಡಿಸೆಂಬರ್ 26. ಲಿವರ್‌ಪೂಲ್‌ನ ಗೂಡಿಸನ್ ಪಾರ್ಕ್. ಪ್ರೇಕ್ಷಕರು 53 ಸಾವಿರ! ಜಾಗ ಸಿಗದೆ ಹೊರಗೆ ನಿಂತವರು ಇನ್ನೂ ಸಾವಿರಾರು. 2011ರ ಜನಗಣತಿಯಲ್ಲಿ ಮುಧೋಳ ಪಟ್ಟಣದ ಜನಸಂಖ್ಯೆ ಸುಮಾರು 52 ಸಾವಿರ. ಅಂದರೆ ಕೂಸು ಮುದುಕರೆನ್ನದೆ ಇಡೀ ಮುಧೋಳ ಎದ್ದು ಒಂದು ಪಂದ್ಯಕ್ಕೆ ಬಂದಂತೆ!

ಇಷ್ಟು ಜನ ಸೇರಿದರೆ ಖುಷಿಪಡಬೇಕಲ್ಲವೇ? ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಮಾಡಿದ್ದೇನು ಗೊತ್ತೇ? ಒಂದು ವರ್ಷ ಕಳೆಯುವ ಮೊದಲೇ, 1921ರ ಡಿಸೆಂಬರ್ 5ರಂದು, ಈ ಆಟ ಹೆಂಗಸರಿಗೆ ತಕ್ಕುದಲ್ಲ ಎಂದು ಹೇಳಿ ತನ್ನ ಕ್ಲಬ್‌ಗಳ ಮೈದಾನಗಳನ್ನೆಲ್ಲ ಅವರಿಗೆ ಮುಚ್ಚಿಬಿಟ್ಟಿತು! ಆ ಬೀಗ ತೆಗೆಯಲು ಐವತ್ತು ವರ್ಷ ಹಿಡಿಯಿತು. ಎರಡು ತಲೆಮಾರಿನ ಆಟವೇ ಹೋಯಿತು. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ!

ಆದರೂ ಆ ಹೆಂಗಸರು ಬಿಟ್ಟರೇ? 1922ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಗಂಡಸರ ತಂಡಗಳ ಎದುರೇ ಆಡಿ ಬಂದರು! ಅವರ ಲಿಲಿ ಪಾರ್ ಜೀವಮಾನದಲ್ಲಿ ಸಾವಿರದ ಆಸುಪಾಸು ಗೋಲು ಹೊಡೆದರೆಂದು ಹೇಳುತ್ತಾರೆ.

ಇನ್ನು ಮೆಕ್ಸಿಕೊ, 1971. ಫಿಫಾಕ್ಕೆ ಸಂಬಂಧವಿಲ್ಲ. ಪಾನೀಯ ಕಂಪನಿಯೊಂದರ ಹಣದಲ್ಲಿ ಆರು ದೇಶಗಳ ಹೆಣ್ಣುಮಕ್ಕಳನ್ನು ಕರೆಸಿದರು. ಗೋಲಿನ ಕಂಬಗಳಿಗೆ ಗುಲಾಬಿ ಬಣ್ಣ! ಫೈನಲ್‌ಗೆ ಅಜ್ಟೆಕಾ ಮೈದಾನದಲ್ಲಿ ಸೇರಿದವರು ಸುಮಾರು ಒಂದು ಲಕ್ಷ ಹತ್ತು ಸಾವಿರ!

ಆ ಫೈನಲ್‌ನಲ್ಲಿ ಡೆನ್ಮಾರ್ಕ್ ಮೂರು ಗೋಲಿನಿಂದ ಮೆಕ್ಸಿಕೊವನ್ನು ಸೋಲಿಸಿತು. ಮೂರನ್ನೂ ಹೊಡೆದದ್ದು ಒಬ್ಬಳೇ, ಸುಸಾನ್ ಆಗುಸ್ಟೆಸೆನ್. ವಯಸ್ಸು? ಹದಿನೈದು! ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವ ವಯಸ್ಸು!

ಅಲ್ಲಿಗೆ ಬಂದ ಇಂಗ್ಲೆಂಡ್ ತಂಡದಲ್ಲಿ ಹದಿಮೂರರ ಹುಡುಗಿಯೂ ಇದ್ದಳು! ಮೆಕ್ಸಿಕೊದಲ್ಲಿ ಆ ತಂಡದ ಹಿಂದೆ ಜನವೋ ಜನ. ಊರಿಗೆ ಮರಳಿದರೆ? ತರಬೇತುದಾರ ಹ್ಯಾರಿ ಬ್ಯಾಟ್ ಅವರಿಗೆ ನಿಷೇಧದ ಶಿಕ್ಷೆ, ತಂಡ ಚದುರಿಹೋಯಿತು. ಹಲವರು ದಶಕಗಳ ಕಾಲ ಆ ಮಾತೇ ಎತ್ತಲಿಲ್ಲ.

ಅದೇ ಟೂರ್ನಿಯಲ್ಲಿ ಅರ್ಜೆಂಟೀನಾ ಇಂಗ್ಲೆಂಡನ್ನು 4–1ರಿಂದ ಸೋಲಿಸಿತು. ನಾಲ್ಕು ಗೋಲೂ ಎಲ್ಬಾ ಸೆಲ್ವಾ ಅವರದ್ದೇ! ಆ ದಿನ ಆಗಸ್ಟ್ 21. ಅರ್ಜೆಂಟೀನಾದಲ್ಲಿ ಈಗ ಅದು ಫುಟ್‌ಬಾಲ್ ಆಟಗಾರ್ತಿಯರ ದಿನ!

ಜರ್ಮನಿಯ ಕಥೆ ಇನ್ನೂ ಮಜವಾಗಿದೆ. 1981ರಲ್ಲಿ ತೈವಾನ್ ದೇಶ ದೇಶಗಳ ಮಹಿಳಾ ತಂಡಗಳನ್ನು ಕರೆಯಿತು. ಪಶ್ಚಿಮ ಜರ್ಮನಿಗೂ ಕರೆ ಹೋಯಿತು. ಕಳಿಸೋಣ ಎಂದರೆ ಅವರಿಗೆ ಮಹಿಳೆಯರ ರಾಷ್ಟ್ರೀಯ ತಂಡವೇ ಇರಲಿಲ್ಲ! ಬರ್ಗಿಷ್ ಗ್ಲಾಡ್‌ಬಾಕ್ ಎಂಬ ಊರಿನ ಕ್ಲಬ್ ತಂಡ ಹೋಯಿತು. ಹೋದದ್ದಷ್ಟೇ ಅಲ್ಲ, ಕಪ್ ಗೆದ್ದು ಬಂತು! ಮರುವರ್ಷವೇ ದೇಶದ ತಂಡ ಕಟ್ಟಿದರು.

1989ರಲ್ಲಿ ಆ ತಂಡ ಯುರೋಪ್ ಚಾಂಪಿಯನ್ ಆಯಿತು. ಬಹುಮಾನ ಏನು ಕೊಟ್ಟರು ಊಹಿಸಿ. ಹಣ? ಅಲ್ಲ. ಕಾಫಿ ಕುಡಿಯುವ ಕಪ್ಪು-ಬಸಿಗಳ ಸೆಟ್ಟು! ಮುಂದೆ 2007ರ ವಿಶ್ವಕಪ್‌ನಲ್ಲಿ ಇದೇ ಜರ್ಮನಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಡದೆ ಗೆದ್ದಿತು!

ನಮ್ಮ ದೇಶಕ್ಕೆ ಬನ್ನಿ. ಭಾರತದಲ್ಲಿ ಮಹಿಳೆಯರ ಫುಟ್‌ಬಾಲ್ ಸಂಸ್ಥೆ ಹುಟ್ಟಿದ್ದು 1975ರಲ್ಲಿ. ಅದೇ ವರ್ಷ ಲಖನೌದಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ. ಆಗ ದೇಶದ ಉಪರಾಷ್ಟ್ರಪತಿ ಯಾರಿದ್ದರು ಗೊತ್ತೇ? ನಮ್ಮ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು!

1975ರಲ್ಲೇ ಏಷ್ಯಾದ ಮೊದಲ ಮಹಿಳಾ ಫುಟ್‌ಬಾಲ್ ಚಾಂಪಿಯನ್‌ಷಿಪ್ ಹಾಂಗ್‌ಕಾಂಗ್‌ನಲ್ಲಿ ನಡೆಯಿತು. ಏಷ್ಯಾದ ಕಪ್ ಗೆದ್ದವರು ಯಾರು? ನ್ಯೂಜಿಲೆಂಡ್! ಏಷ್ಯಾದಲ್ಲೇ ಇಲ್ಲದ ದೇಶ ಏಷ್ಯಾ ಚಾಂಪಿಯನ್!

1980ರ ಜನವರಿಯಲ್ಲಿ ಅದೇ ಚಾಂಪಿಯನ್‌ಷಿಪ್ ಕೇರಳದ ಕಲ್ಲಿಕೋಟೆಗೆ ಬಂತು. ಭಾರತ ಒಂದಲ್ಲ, ಎರಡು ತಂಡ ಇಳಿಸಿತು! ದಕ್ಷಿಣದ್ದೊಂದು, ಉತ್ತರದ್ದೊಂದು. ಆಸ್ಟ್ರೇಲಿಯಾದಿಂದ ದೇಶ ಬರಲಿಲ್ಲ, ಒಂದು ರಾಜ್ಯ ಬಂತು, ಪಶ್ಚಿಮ ಆಸ್ಟ್ರೇಲಿಯಾ! ಅಂಥ ವಿಚಿತ್ರ ಕೂಟದಲ್ಲಿ ಫೈನಲ್‌ಗೆ ಹೋದದ್ದು ನಮ್ಮ ದಕ್ಷಿಣದ ತಂಡ! ತೈವಾನ್ ಎದುರು ಸೋತರೂ ಎರಡನೇ ಸ್ಥಾನ ನಮ್ಮದು. 1983ರಲ್ಲಿ ಮತ್ತೆ ಎರಡನೇ ಸ್ಥಾನ. ಏಷ್ಯಾದಲ್ಲಿ ಎರಡು ಸಲ ರನ್ನರ್‌ಅಪ್ ಎಂದರೆ ಇಂದಿನ ಮಕ್ಕಳು ನಂಬುವುದೇ ಇಲ್ಲ!

ಆ ಕಾಲದ ತಾರೆಯರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಚಿತ್ರಾ ಗಂಗಾಧರನ್ ನೆನಪಿಡಿ. ರಾಜ್ಯಕ್ಕೆ ಆಡಿ, ಭಾರತ ತಂಡದ ನಾಯಕಿಯಾದವರು! ಕ್ರಿಕೆಟಿಗರ ಹೆಸರು ಹತ್ತು ಹೇಳುವ ನಾವು ಈ ಒಂದು ಹೆಸರನ್ನಾದರೂ ಹೇಳಬಾರದೇ?

1983ರಲ್ಲಿ ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ. ಮಹಿಳಾ ಫುಟ್‌ಬಾಲಿಗೆ ಅದೇ ಮೊದಲು. 2020ರಲ್ಲಿ ಮಣಿಪುರದ ಬೆಂಬೆಮ್ ದೇವಿ ಅವರಿಗೆ ಪದ್ಮಶ್ರೀ. ಅದೇ ವರ್ಷ ಮಣಿಪುರದವರೇ ಆದ ಬಾಲಾದೇವಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿ ಅಲ್ಲಿ ಗೋಲನ್ನೂ ಹೊಡೆದರು!

ಮುಧೋಳದವರಿಗಾಗಿ ಒಂದು ಹಳೆಯ ಗಂಟು ಬಿಚ್ಚುತ್ತೇನೆ. ದೇಶದ ಮಹಿಳಾ ಫುಟ್‌ಬಾಲ್ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಈಗಿನ ಹೆಸರು ರಾಜಮಾತಾ ಜೀಜಾಬಾಯಿ ಟ್ರೋಫಿ. ಶಿವಾಜಿಯ ತಾಯಿ. ಆಕೆಯ ಪತಿ ಷಹಾಜಿಯನ್ನು 1648ರಲ್ಲಿ ಸೆರೆಹಿಡಿದದ್ದು ಯಾರು? ಮುಧೋಳದ ಬಾಜಿ ಘೋರ್ಪಡೆ! ಎಲ್ಲಿಯ ಫುಟ್‌ಬಾಲ್, ಎಲ್ಲಿಯ ಮುಧೋಳ!

ಭಾರತವೂ ಆಮಂತ್ರಣ ಕೊಟ್ಟಿದೆ. 2019ರ ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ಮಹಿಳೆಯರ ಗೋಲ್ಡ್ ಕಪ್ ನಡೆಯಿತು. ಇರಾನ್, ನೇಪಾಳ, ಮ್ಯಾನ್ಮಾರ್ ಬಂದವು. ಮನೆಯವರು ನಾವು, ಕಪ್ ಒಯ್ದವರು ಮ್ಯಾನ್ಮಾರ್‌ನವರು!

2022ರ ಆಗಸ್ಟ್‌ನಲ್ಲಿ ಒಂದು ಸಂಕಟವೂ ಆಯಿತು. ಏಷ್ಯಾದ ಕ್ಲಬ್ ಟೂರ್ನಿ ಆಡಲು ಗೋಕುಲಂ ಕೇರಳದ ಹುಡುಗಿಯರು ಉಜ್ಬೇಕಿಸ್ತಾನಕ್ಕೆ ಹೋಗಿ ಇಳಿದಿದ್ದರು. ಅಷ್ಟರಲ್ಲಿ ಫಿಫಾ ಭಾರತದ ಫೆಡರೇಷನ್ನನ್ನೇ ಅಮಾನತು ಮಾಡಿತು! ಚೆಂಡು ಮುಟ್ಟದೆಯೇ ವಾಪಸ್. ಆಮೇಲೆ ಅಮಾನತು ಹನ್ನೊಂದೇ ದಿನಕ್ಕೆ ತೆರವಾಯಿತು, ಆದರೆ ಟೂರ್ನಿ ಕೈತಪ್ಪಿತ್ತು. ಆ ಹುಡುಗಿಯರು ಮಾಡಿದ ತಪ್ಪಾದರೂ ಏನು?

2024ರ ಫೆಬ್ರವರಿ. ಟರ್ಕಿಯ ಅಲನ್ಯಾದಲ್ಲಿ ಟರ್ಕಿಶ್ ಮಹಿಳಾ ಕಪ್. ಭಾರತ 4, ಎಸ್ಟೋನಿಯಾ 3! ಯುರೋಪಿನ ದೇಶವೊಂದರ ವಿರುದ್ಧ ನಮ್ಮ ಹಿರಿಯ ಮಹಿಳೆಯರ ಮೊದಲ ಜಯ! ಮುಂದೆ ಹಾಂಗ್‌ಕಾಂಗ್ ಮೇಲೂ ಗೆದ್ದು, ಕೊಸೊವೊ ಎದುರು ಒಂದೇ ಗೋಲಿನಿಂದ ಸೋತು ಎರಡನೇ ಸ್ಥಾನ ಪಡೆದರು. ಆ ತಂಡದ ಇಂದುಮತಿ ಕದಿರೇಶನ್ ಯಾರು ಗೊತ್ತೇ? ತಮಿಳುನಾಡು ಪೊಲೀಸ್ ಇಲಾಖೆಯ ಸಬ್ ಇನ್‌ಸ್ಪೆಕ್ಟರ್!

2024ರ ಡಿಸೆಂಬರ್ 30. ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರ. ಭಾರತದ ಮಹಿಳೆಯರು ಮಾಲ್ಡೀವ್ಸ್‌ಗೆ ಹೊಡೆದ ಗೋಲು ಎಷ್ಟು? ಹದಿನಾಲ್ಕು! ತಿರುಗಿ ಬಂದದ್ದು? ಸೊನ್ನೆ! ನಮ್ಮ ರಾಜ್ಯದ ನೆಲದಲ್ಲೇ ಗೋಲಿನ ಸುರಿಮಳೆ!

ಬೆಂಗಳೂರು ಎಂದಾಗ ಇನ್ನೊಂದು. ಅಲ್ಲಿನ ಕಿಕ್‌ಸ್ಟಾರ್ಟ್ ಎಂಬ ಕ್ಲಬ್ಬಿನ ಮಹಿಳಾ ತಂಡ 2023ರಲ್ಲಿ ಭಾರತೀಯ ಮಹಿಳಾ ಲೀಗ್‌ನ ಫೈನಲ್‌ವರೆಗೂ ಹೋಗಿತ್ತು. ನಮ್ಮ ರಾಜ್ಯದ್ದೇ ತಂಡ!

2025ರ ಫೆಬ್ರವರಿಯಲ್ಲಿ ಭಾರತ ತಂಡಕ್ಕೆ ಯುಎಇಯ ಪಿಂಕ್ ಲೇಡೀಸ್ ಕಪ್‌ಗೆ ಕರೆ ಬಂತು. ಜೋರ್ಡಾನ್ ಮೇಲೆ 2–0 ಜಯ. ಇಂಥ ಟೂರ್ನಿಗಳಿಂದ ಏನು ಉಪಯೋಗ ಎನ್ನುವವರಿಗೆ ಉತ್ತರ ಐದೇ ತಿಂಗಳಲ್ಲಿ ಬಂತು. ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತ 2, ಥಾಯ್ಲೆಂಡ್ 1! ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಅರ್ಹತಾ ಸುತ್ತು ಗೆದ್ದು ಏಷ್ಯಾ ಕಪ್‌ಗೆ ಹೋದದ್ದು ಭಾರತದ ಮಹಿಳೆಯರ ಇತಿಹಾಸದಲ್ಲೇ ಮೊದಲು! ಥಾಯ್ಲೆಂಡ್ ಎರಡು ಸಲ ವಿಶ್ವಕಪ್ ಆಡಿದ ತಂಡ ಎಂಬುದನ್ನು ಮರೆಯಬೇಡಿ.

ಕೊನೆಯದಾಗಿ ಒಂದು. ಮುಂದಿನ ಮಹಿಳಾ ವಿಶ್ವಕಪ್ 2027ರ ಜೂನ್ 24ರಿಂದ ಜುಲೈ 25ರವರೆಗೆ. ತಂಡಗಳು 32. ದಕ್ಷಿಣ ಅಮೆರಿಕದಲ್ಲಿ ಇದೇ ಮೊದಲು. ನಡೆಸುವ ದೇಶ ಯಾವುದು ಗೊತ್ತೇ? ಹೆಂಗಸರಿಗೆ 38 ವರ್ಷ ಫುಟ್‌ಬಾಲ್ ನಿಷೇಧಿಸಿದ್ದ ಬ್ರೆಜಿಲ್!